ಟರಾಂಟುಲಾ ಡಬ್ಬಕ್ಕೆ ಸ್ಪ್ರಿಂಗ್‌ಟೈಲ್, ಐಸೋಪಾಡ್: ಚಿಕ್ಕಮಗಳೂರಿನ ಒಂದು ಮಳೆಗಾಲ ಕಳೆದ ಮೇಲೆ

ಟರಾಂಟುಲಾ ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ. ಅದನ್ನು ಸಾಕುವ ಡಬ್ಬದಲ್ಲಿ ಬೂಸ್ಟು, ಕೊಳೆತದ್ದು ತಿಂದು ಚೊಕ್ಕ ಮಾಡಲಿ ಅಂತ ಬಿಡುವ ಪುಟ್ಟ ಹುಳಗಳು ಸ್ಪ್ರಿಂಗ್‌ಟೈಲ್ ಮತ್ತು ಐಸೋಪಾಡ್. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಸ್ಪ್ರಿಂಗ್‌ಟೈಲ್ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ. ಮಲೆನಾಡಿನಲ್ಲಿ ಟರಾಂಟುಲಾ ಸಾಕುವವರಿಗೆ ಇದಕ್ಕಿಂತ ಉಪಯೋಗಕ್ಕೆ ಬರುವುದನ್ನು ನಾನು ಇನ್ನೂ ಕಂಡಿಲ್ಲ. ಐಸೋಪಾಡ್ ಮಾತ್ರ ಹಾಗಲ್ಲ. ಯಾವ ಜೇಡ, ಯಾವ ಡಬ್ಬ, ಯಾವ ಜಾತಿಯ ಐಸೋಪಾಡ್ ಅಂತ ನೋಡಿಯೇ ಬಿಡಬೇಕು. ನಾನು ಎರಡನ್ನೂ ತಂದದ್ದು ಹಾಸನದಿಂದ, ಮನೆಯಲ್ಲೇ ಬೆಳೆಸಿ ಕೊಡುವ ಒಬ್ಬ ಹುಡುಗನ ಹತ್ತಿರ. ತಂದ ಮೇಲೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ಈಗ ಬೇಸಿಗೆಯೂ ಮುಗಿಯುತ್ತಾ ಬಂತು. ಮೊದಲ ತಿಂಗಳಲ್ಲೇ ಬರೆದಿದ್ದರೆ ಅರ್ಧ ತಪ್ಪು ಬರೆಯುತ್ತಿದ್ದೆ, ಅದಕ್ಕೇ ಇಷ್ಟು ದಿನ ಕಾದೆ.

ನಮ್ಮ ಮನೆ ಇರುವುದು ಚಿಕ್ಕಮಗಳೂರು ಪೇಟೆಯಲ್ಲಿ. ಮೂರು ಟರಾಂಟುಲಾ ಇವೆ. ದೊಡ್ಡವಳು ಬ್ರೆಜಿಲ್ ಮೂಲದ ಸಾಲ್ಮನ್ ಪಿಂಕ್, ಕಾಲು ಚಾಚಿ ಕೂತರೆ ನನ್ನ ಅಂಗೈಗಿಂತ ಅಗಲ, ಜಿರಳೆ ಹಾಕಿದ ತಕ್ಷಣ ಮೇಲೆ ಬೀಳುವಷ್ಟು ಹೊಟ್ಟೆಬಾಕಿ. ಎರಡನೆಯದು ವೈಟ್ ನೀ, ಅದೂ ಬ್ರೆಜಿಲ್ ಕಡೆಯದೇ. ಮೂರನೆಯದು ಟ್ರಿನಿಡಾಡ್ ಶೆವ್ರಾನ್, ಮರದ ಮೇಲೆ ಬದುಕುವ ಜಾತಿ, ಉದ್ದ ನಿಲ್ಲಿಸಿದ ಡಬ್ಬದಲ್ಲಿ ತೊಗಟೆಯ ಹಿಂದೆ ಬಲೆ ಕಟ್ಟಿಕೊಂಡು ಇರುತ್ತದೆ. ಮೂರಕ್ಕೂ ನೆಲ ಸ್ವಲ್ಪ ತೇವ ಇರಬೇಕು. ಇದನ್ನು ಯಾಕೆ ಮೊದಲೇ ಹೇಳಿದೆ ಅಂದರೆ, ನಾನು ಮುಂದೆ ಹೇಳುವುದೆಲ್ಲ ತೇವದ ಡಬ್ಬದ ಮಾತು. ಒಣ ನೆಲದ ಜೇಡ ಇಟ್ಟುಕೊಂಡವರ ಕಥೆ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮಳೆಗಾಲದಲ್ಲಿ ನಮ್ಮೂರಲ್ಲಿ ಬೂಸ್ಟು ಹಿಡಿಯದ್ದು ಯಾವುದಿದೆ ಹೇಳಿ. ಚಪ್ಪಲಿ, ಬೆಲ್ಟು, ಬೀರುವಿನಲ್ಲಿ ಮಡಚಿಟ್ಟ ಸೀರೆ, ಮಂಚದ ಹಿಂದಿನ ಗೋಡೆ. ಅಂಥದ್ದರಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಒಂದು ಬಟ್ಟಲು ನೀರಿಟ್ಟು, ಮುಚ್ಚಳ ಹಾಕಿದ ಡಬ್ಬವನ್ನು ಬೂಸ್ಟು ಸುಮ್ನೆ ಬಿಡುತ್ತದಾ? ಅದರ ಮೇಲೆ ಜೇಡ ಊಟ ಮಾಡುವ ರೀತಿ ಬೇರೆ ಇದೆ. ಅದು ಜಿರಳೆಯನ್ನು ಅಗಿದು ನುಂಗುವುದಿಲ್ಲ. ಜೀರ್ಣರಸ ಬಿಟ್ಟು, ಒಳಗಿನದನ್ನೆಲ್ಲ ಕರಗಿಸಿ ಹೀರುತ್ತದೆ. ಕೊನೆಗೆ ಕಾಲು, ರೆಕ್ಕೆ, ಸಿಪ್ಪೆ ಎಲ್ಲ ಸೇರಿ ಒಂದು ಒದ್ದೆ ಉಂಡೆ ಉಳಿಯುತ್ತದೆ, ಸಾಕುವವರು ಅದನ್ನು ಬೋಲಸ್ ಅನ್ನುತ್ತಾರೆ. ಅದನ್ನು ಒಂದು ಮೂಲೆಗೆ ಎಸೆಯುತ್ತದೆ, ಇಲ್ಲವೇ ನೀರಿನ ಬಟ್ಟಲಿಗೇ ಹಾಕುತ್ತದೆ. ಪುನರ್ವಸು ಮಳೆ ಹಿಡಿದ ಮೇಲೆ ಆ ಉಂಡೆ ಎರಡು ದಿನ ಕಣ್ಣಿಗೆ ಬೀಳದಿದ್ದರೆ ಸಾಕು, ಹತ್ತಿಯ ಹಾಗೆ ಬಿಳಿ ಬೂಸ್ಟು ಎದ್ದು ಅಕ್ಕಪಕ್ಕದ ಮಣ್ಣಿಗೂ ಹರಡುತ್ತದೆ.

ಮೊದಲ ಎರಡು ವರ್ಷ ನಾನು ಮಾಡುತ್ತಿದ್ದದ್ದು ಒಂದೇ. ಉದ್ದ ಇಕ್ಕಳದಲ್ಲಿ ಉಂಡೆ ತೆಗೆಯುವುದು, ಬೂಸ್ಟು ಬಂದ ಕಡೆ ಮಣ್ಣು ಕೆರೆದು ತೆಗೆಯುವುದು, ಅದೂ ಕೈ ಮೀರಿದರೆ ಜೇಡವನ್ನು ಬೇರೆ ಡಬ್ಬಕ್ಕೆ ಹಾಕಿ ಇಡೀ ಮಣ್ಣು ಬದಲಿಸುವುದು. ಆಚೆ ವರ್ಷ ಜುಲೈ ಒಂದರಲ್ಲೇ ವೈಟ್ ನೀ ಡಬ್ಬವನ್ನು ಎರಡು ಸಲ ಖಾಲಿ ಮಾಡಿದೆ. ಎರಡನೇ ಸಲ ಅದು ಹೊಟ್ಟೆಯ ಮೇಲಿನ ಕೂದಲು ಉದುರಿಸಿತು. ಬ್ರೆಜಿಲ್ ಕಡೆಯ ಜೇಡಗಳಿಗೆ ಈ ಕೂದಲೇ ಆಯುಧ, ಹಿಂಗಾಲಲ್ಲಿ ಕೆರೆದು ಗಾಳಿಗೆ ಬಿಡುತ್ತವೆ. ನನ್ನ ಮೊಣಕೈವರೆಗೆ ನಾಲ್ಕು ದಿನ ತುರಿಕೆ. ಅದಕ್ಕಿಂತ ಬೇಜಾರಾದದ್ದು ಅದರ ಸ್ಥಿತಿ ನೋಡಿ. ಅದು ತಿಂಗಳುಗಟ್ಟಲೆ ತೋಡಿಕೊಂಡ ಬಿಲ, ನೇಯ್ದ ಬಲೆ, ಎಲ್ಲವನ್ನೂ ನಾನು ಒಂದು ಸಂಜೆಯಲ್ಲಿ ಕಿತ್ತು ಹಾಕಿದ್ದೆ. ಮೂರು ವಾರ ಊಟ ಮುಟ್ಟಲಿಲ್ಲ. ಅವತ್ತೇ ನಿರ್ಧಾರ ಮಾಡಿದೆ, ಇನ್ನು ಮೇಲೆ ಮಣ್ಣು ಪೂರ್ತಿ ಬದಲಿಸುವ ಪ್ರಸಂಗ ಬರದ ಹಾಗೆ ನೋಡಿಕೊಳ್ಳಬೇಕು ಅಂತ.

ಮೊದಲು ತರಿಸಿದ್ದು ಆನ್‌ಲೈನಲ್ಲಿ, ದೂರದ ಊರಿನ ಒಬ್ಬರಿಂದ. ಹೆಸರು ಬೇಡ. ಕೊರಿಯರ್ ಬರಲು ಐದು ದಿನ ಹಿಡಿಯಿತು, ಡಬ್ಬ ಮಗ್ಗುಲಾಗಿ ಬಂತು, ತೆರೆದರೆ ಕೊಳೆತ ವಾಸನೆ. ಒಂದು ಹುಳ ಅಲುಗಾಡಲಿಲ್ಲ. ಕೇಳಿದರೆ "ಮೊಟ್ಟೆ ಇರುತ್ತೆ ಮೇಡಂ, ಕಾಯಿರಿ" ಅಂದರು. ಮೂರು ವಾರ ಕಾದೆ. ಏನೂ ಬರಲಿಲ್ಲ, ದುಡ್ಡೂ ಬರಲಿಲ್ಲ.

ಆಮೇಲೆ ಮೀನಿನ ತೊಟ್ಟಿ ಸಾಮಾನು ಮಾರುವ ಪರಿಚಯದವರೊಬ್ಬರು ಹಾಸನದ ಈ ಹುಡುಗನ ವಿಷಯ ಹೇಳಿದರು. ಕೊರಿಯರ್ ಸಹವಾಸವೇ ಬೇಡ ಅಂತ ಒಂದು ಭಾನುವಾರ ನಾನೇ ಬಸ್ ಹತ್ತಿದೆ. ಬೇಲೂರು ಮೇಲೆ ಹೋದರೆ ಸುಮಾರು 60 ಕಿಲೋಮೀಟರ್, ಅಷ್ಟೇ. ಅವನದು ಅಂಗಡಿ ಅಲ್ಲ, ಮನೆಯ ಹಿಂದಿನ ಒಂದು ಕೋಣೆ. ಗೋಡೆಗೆ ಕಬ್ಬಿಣದ ರ‍್ಯಾಕು, ಅದರ ತುಂಬ ಐಸ್‌ಕ್ರೀಮ್ ಡಬ್ಬಗಳು, ಪ್ರತಿ ಡಬ್ಬದ ಮೇಲೂ ಜಾತಿ ಹೆಸರು, ಶುರು ಮಾಡಿದ ತಾರೀಖು, ಕೊನೆಗೆ ಊಟ ಹಾಕಿದ ತಾರೀಖು. ನನಗೆ ಅಲ್ಲೇ ಅರ್ಧ ನಂಬಿಕೆ ಬಂತು. ಇನ್ನರ್ಧ ಅವನು ಕೇಳಿದ ಮೊದಲ ಪ್ರಶ್ನೆಯಿಂದ ಬಂತು.

"ಅಕ್ಕಾ, ನಿಮ್ಮ ಹತ್ರ ಯಾವ್ಯಾವ ಜೇಡ ಇದಾವೆ ಅಂತ ಮೊದಲು ಹೇಳಿ. ರೇಟು ಆಮೇಲೆ ಮಾತಾಡೋಣ."

ನಾನು ಹೋದದ್ದು ಚೆಂದ ಕಂಡ ಕಪ್ಪು ಬಿಳುಪು ಮಚ್ಚೆಯ ಐಸೋಪಾಡ್ ತರಬೇಕು ಅಂತ. ಅದಕ್ಕೆ ಡೇರಿ ಕೌ ಅಂತಾರೆ, ಹಸುವಿನ ಮೈಯ ಮಚ್ಚೆ ಇದ್ದ ಹಾಗೆ ಇರುತ್ತದೆ. ಅದೇ ಅಲ್ಲಿದ್ದದ್ದರಲ್ಲಿ ಬೆಲೆಯೂ ಜಾಸ್ತಿ. ಅವನು ಕೊಡಲಿಲ್ಲ. ಅವು ಬಲು ಹಸಿವಿನ ಹುಳ, ಎಲೆ ಸಾಲದೆ ಮಾಂಸದ ಊಟ ಹುಡುಕುತ್ತವೆ, ಪೊರೆ ಬಿಡುವ ಜೇಡದ ಪಕ್ಕ ಅವನ್ನು ಬಿಡಬೇಡಿ, ಅವು ಬೇಕಿದ್ದರೆ ಬೇರೆ ಡಬ್ಬದಲ್ಲಿ ಅಂದಕ್ಕೆ ಸಾಕಿ ಅಂದ. ಜಾಸ್ತಿ ಬೆಲೆಯ ಮಾಲು ಕೇಳಿಕೊಂಡು ಬಂದವರಿಗೆ ಬೇಡ ಅನ್ನುವವರು ಎಷ್ಟು ಜನ ಸಿಗುತ್ತಾರೆ? ಈ ಒಂದು ಕಾರಣಕ್ಕೇ ನಾನು ಇವನ ಬಗ್ಗೆ ಇಷ್ಟು ಉದ್ದ ಬರೆಯುತ್ತಿರುವುದು.

ಕೊನೆಗೆ ತಂದದ್ದು ಮೂರು. ಇದ್ದಿಲಿನಲ್ಲಿ ಬೆಳೆಸಿದ ಬಿಳಿ ಸ್ಪ್ರಿಂಗ್‌ಟೈಲ್ ಒಂದು ಡಬ್ಬ, 250 ರೂಪಾಯಿ. ಡ್ವಾರ್ಫ್ ವೈಟ್ ಅನ್ನುವ ಪುಟ್ಟ ಬಿಳಿ ಐಸೋಪಾಡ್ ಸುಮಾರು 20, 400 ರೂಪಾಯಿ. ಪೌಡರ್ ಬ್ಲೂ ಅನ್ನುವ ಬೂದು ನೀಲಿ ಐಸೋಪಾಡ್ 12, 350 ರೂಪಾಯಿ. ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಕೂತು, ಚೀಲ ತೊಡೆಯ ಮೇಲೆ ಇಟ್ಟುಕೊಂಡು ಬರಬೇಕು, ಎಂಜಿನ್ ಪಕ್ಕ ಕೆಳಗಿಡಬೇಡಿ ಅಂತ ಹೇಳಿಯೇ ಕಳಿಸಿದ. ಎಲ್ಲವೂ ಜೀವಂತ ಬಂದವು.

ಸ್ಪ್ರಿಂಗ್‌ಟೈಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನಗೆ ಅದರ ಮೇಲೆ ಅಷ್ಟು ಪ್ರೀತಿ ಬಂದಿದೆ. ನನ್ನ ಹತ್ತಿರ ಇರುವುದು ಫೋಲ್ಸೋಮಿಯಾ ಕ್ಯಾಂಡಿಡಾ ಅನ್ನುವ ಜಾತಿ. ಒಂದೆರಡು ಮಿಲಿಮೀಟರ್ ಉದ್ದ, ಅಚ್ಚ ಬಿಳಿ, ಕಣ್ಣೇ ಇಲ್ಲ. ಹೊಟ್ಟೆಯ ಅಡಿಯಲ್ಲಿ ಮಡಚಿಟ್ಟ ಕವಲುಕಡ್ಡಿಯಂಥ ಅಂಗ ಇರುತ್ತದೆ, ಗಾಬರಿಯಾದರೆ ಅದನ್ನು ಬಿಚ್ಚಿ ನೆಲಕ್ಕೆ ಬಡಿದು ಹಾರುತ್ತವೆ, ಅದಕ್ಕೇ ಆ ಹೆಸರು. ಆರು ಕಾಲಿದ್ದರೂ ಇವನ್ನು ಈಗ ಕೀಟಗಳ ಗುಂಪಿಗೆ ಸೇರಿಸುವುದಿಲ್ಲ, ಬೇರೆಯೇ ಗುಂಪು. ಸ್ಕಾಟ್ಲೆಂಡಿನಲ್ಲಿ ಸಿಕ್ಕ ಇವುಗಳ ಬಳಗದ ಪಳೆಯುಳಿಕೆ ಸುಮಾರು 40 ಕೋಟಿ ವರ್ಷ ಹಳೆಯದು. ಬೂಸ್ಟು ತಿನ್ನುವ ಕೆಲಸವನ್ನು ಅಷ್ಟು ಕಾಲದಿಂದ ಮಾಡಿಕೊಂಡು ಬಂದವು ನನ್ನ ಡಬ್ಬದಲ್ಲೂ ಅದನ್ನೇ ಮಾಡುತ್ತಿವೆ ಅಂತ ನೆನೆದರೆ ಈಗಲೂ ಖುಷಿಯಾಗುತ್ತದೆ.

ಈ ಜಾತಿಯಲ್ಲಿ ಹೆಣ್ಣುಗಳೇ ಸಾಕು, ಗಂಡಿಲ್ಲದೆ ಮೊಟ್ಟೆ ಇಡುತ್ತವೆ. 20 ಡಿಗ್ರಿ ಆಸುಪಾಸಿನ ಹವೆಯಲ್ಲಿ ಮೂರರಿಂದ ನಾಲ್ಕು ವಾರದಲ್ಲಿ ಮರಿ ಬೆಳೆದು ತಾನೂ ಮೊಟ್ಟೆ ಇಡುವ ಹಂತಕ್ಕೆ ಬರುತ್ತದೆ. ಮಳೆಗಾಲದ ಚಿಕ್ಕಮಗಳೂರಿನ ಹವೆ ಅವಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಾನು ಮಾಡುವುದು ಇಷ್ಟೇ. ಇದ್ದಿಲಿನ ಡಬ್ಬಕ್ಕೆ ಸ್ವಲ್ಪ ನೀರು ಹಾಕುತ್ತೇನೆ, ಅವು ಮೇಲೆ ತೇಲುತ್ತವೆ, ಮೈಗೆ ನೀರು ಅಂಟುವುದೇ ಇಲ್ಲ, ಕೆಸುವಿನ ಎಲೆಯ ಮೇಲೆ ಹನಿ ನಿಂತ ಹಾಗೆ. ಮೆಲ್ಲಗೆ ಬಗ್ಗಿಸಿ ಆ ನೀರನ್ನು ಜೇಡದ ಡಬ್ಬದ ತೇವದ ಮೂಲೆಗೆ ಸುರಿಯುತ್ತೇನೆ. ಮುಗಿಯಿತು. ಮೂಲ ಡಬ್ಬಕ್ಕೆ ವಾರಕ್ಕೊಮ್ಮೆ ನಾಲ್ಕೈದು ಅಕ್ಕಿ ಕಾಳು, ಇಲ್ಲವೇ ಬ್ರೆಡ್ಡಿಗೆ ಹಾಕುವ ಯೀಸ್ಟ್ ಒಂದು ಚಿಟಿಕೆ. ಮುಚ್ಚಳ ಬಿಗಿ ಇದ್ದರೆ ವಾರಕ್ಕೆ ಒಂದೆರಡು ಸಲ ತೆರೆದು ಗಾಳಿ ಬಿಡಲೇಬೇಕು, ಇಲ್ಲದಿದ್ದರೆ ಉಸಿರುಕಟ್ಟಿ ಸಾಯುತ್ತವೆ. ಒಂದು ಡಬ್ಬ ತಂದು ಎರಡು ತಿಂಗಳಲ್ಲಿ ಮೂರು ಡಬ್ಬ ಮಾಡಿಕೊಂಡೆ. ಜೇಡದ ಡಬ್ಬದಲ್ಲಿ ಕಡಿಮೆಯಾದರೆ ಮೂಲದಿಂದ ಇನ್ನೊಂದಿಷ್ಟು ಸುರಿಯುವುದು. ಮೂಲ ಡಬ್ಬ ಇಟ್ಟುಕೊಳ್ಳದೆ ಎಲ್ಲವನ್ನೂ ಒಂದೇ ಸಲ ಬಿಡಬೇಡಿ.

ಕೆಲಸ ಎಷ್ಟು ಬೇಗ ಕಾಣಿಸಿತು? ಮೊದಲ ವಾರ ಏನೂ ಇಲ್ಲ. ಹತ್ತನೇ ದಿನ ಶೆವ್ರಾನ್ ಡಬ್ಬದ ತಳದಲ್ಲಿ ಬಿದ್ದಿದ್ದ ಉಂಡೆಯ ಸುತ್ತ ಬಿಳಿ ಚುಕ್ಕಿಗಳು ಮುತ್ತಿಕೊಂಡಿದ್ದವು. ನನ್ನ ಮಗಳು ಟಾರ್ಚ್ ಹಿಡಿದು ಎಣಿಸಲು ಹೋಗಿ ಐವತ್ತಕ್ಕೆ ನಿಲ್ಲಿಸಿದಳು. ಮೂರನೇ ವಾರದ ಮೇಲೆ ಬೂಸ್ಟು ಎದ್ದೇಳುವುದಕ್ಕೇ ಬಿಡಲಿಲ್ಲ. ಆಶ್ಲೇಷ ಮಳೆ ಎಡೆಬಿಡದೆ ಹೊಡೆದ ಆ ದಿನಗಳಲ್ಲಿ, ಹೊರಗೆ ಒಣಹಾಕಿದ ಬಟ್ಟೆ ಮೂರು ದಿನವಾದರೂ ಒಣಗದೆ ಇದ್ದಾಗ, ಮೂರು ಡಬ್ಬದ ಮಣ್ಣೂ ಕಾಡಿನ ಮಣ್ಣಿನ ವಾಸನೆ ಬರುತ್ತಿತ್ತು. ಹುಳಿ ವಾಸನೆ ಇಲ್ಲ, ಕೊಳೆತ ವಾಸನೆ ಇಲ್ಲ. ಅಲ್ಲಿಂದ ಇವತ್ತಿನವರೆಗೆ ಒಂದೇ ಒಂದು ಸಲವೂ ಮಣ್ಣು ಪೂರ್ತಿ ಬದಲಿಸಿಲ್ಲ. ವೈಟ್ ನೀ ತನ್ನ ಬಿಲವನ್ನು ಮತ್ತೆ ತೋಡಿಕೊಂಡು ಈಗ ಅದರ ಬಾಯಿಗೆ ದಪ್ಪ ಬಲೆಯ ಚಾಪೆ ಹಾಸಿಕೊಂಡಿದೆ.

ಮನೆಯಲ್ಲಿ ಅತ್ತೆಗೆ ಮೊದಲು ಹೆದರಿಕೆ ಇತ್ತು. ಜೇಡದ ವಿಷಯಕ್ಕಲ್ಲ, ಅದಕ್ಕೆ ಅವರು ಎಂದೋ ಹೊಂದಿಕೊಂಡಿದ್ದಾರೆ. ಈ ಹಾರುವ ಚುಕ್ಕಿಗಳು ಅಕ್ಕಿ ಡಬ್ಬಕ್ಕೆ, ರವೆಗೆ ಬಂದುಬಿಟ್ಟರೆ ಅಂತ. ಅದು ಆಗುವುದಿಲ್ಲ. ಇವು ಚರ್ಮದ ಮೂಲಕ ಉಸಿರಾಡುತ್ತವೆ, ತೇವ ಬಿಟ್ಟು ಹೊರಗೆ ಬಂದರೆ ಬೇಗ ಒಣಗಿ ಸಾಯುತ್ತವೆ. ಒಂದು ದಿನ ಅತ್ತೆಯೇ ಭೂತಗನ್ನಡಿ ಹಿಡಿದು ನೋಡಿ, "ನಮ್ಮ ಗೊಬ್ಬರ ಗುಂಡಿಯಲ್ಲೂ ಇಂಥವೇ ಇರ್ತಾವಲ್ಲ ಕಣೇ" ಅಂದರು. ಅವರು ಹೇಳಿದ್ದು ನಿಜ. ಇವುಗಳ ಬಳಗ ನಮ್ಮ ತೋಟದ ದರಗಿನ ಅಡಿಯಲ್ಲಿ, ಗೊಬ್ಬರದಲ್ಲಿ ಎಲ್ಲ ಕಡೆ ಇದೆ. ಹಾಗಾದರೆ ಅಲ್ಲಿಂದಲೇ ಹಿಡಿದು ಬಿಡಬಹುದಲ್ಲ ಅಂತ ನೀವು ಕೇಳಬಹುದು. ನಾನು ಬಿಡುವುದಿಲ್ಲ. ಒಂದು ಹಿಡಿ ಗೊಬ್ಬರದಲ್ಲಿ ಸ್ಪ್ರಿಂಗ್‌ಟೈಲ್ ಜೊತೆ ನುಸಿಯೂ (ಮೈಟ್) ಬರುತ್ತದೆ, ಜರಿಯ ಮರಿಯೂ ಬರುತ್ತದೆ. ಜರಿ ಮರಿ ಬೆಳೆದರೆ ಪೊರೆ ಬಿಟ್ಟು ಮೆತ್ತಗಿರುವ ಜೇಡವನ್ನು ಕೊಂದುಹಾಕಬಹುದು. 250 ರೂಪಾಯಿ ಉಳಿಸಲು ಆ ಅಪಾಯ ಬೇಡ.

ಈಗ ಐಸೋಪಾಡ್. ಕಲ್ಲೆತ್ತಿದರೆ, ಹೂಕುಂಡ ಸರಿಸಿದರೆ ಅಡಿಯಲ್ಲಿ ಓಡುವ ಬೂದು ಬಣ್ಣದ ಚಪ್ಪಟೆ ಹುಳ ನೋಡಿದ್ದೀರಲ್ಲ, ಮುಟ್ಟಿದರೆ ಕೆಲವು ಉಂಡೆಯಾಗುತ್ತವೆ, ಅದೇ ಬಳಗ. ಇವು ಕೀಟವಲ್ಲ, ಏಡಿ ಸಿಗಡಿಗಳ ನೆಂಟರು. 14 ಕಾಲು. ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲಿ ಹೊತ್ತು ತಿರುಗುತ್ತದೆ. ಉಸಿರಾಟವೂ ಹೊಟ್ಟೆಯಡಿಯ ಕಿವಿರಿನಂಥ ಅಂಗದಿಂದ, ಅದು ಒದ್ದೆಯಾಗಿಯೇ ಇರಬೇಕು. ಪೊರೆ ಬಿಡುವುದೂ ವಿಚಿತ್ರ, ಮೊದಲು ಹಿಂದಿನ ಅರ್ಧ, ಕೆಲವು ದಿನ ಬಿಟ್ಟು ಮುಂದಿನ ಅರ್ಧ. ಹಾಗಾಗಿ ಮೈಯ ಒಂದು ಭಾಗ ಒಂದು ಬಣ್ಣ, ಇನ್ನೊಂದು ಭಾಗ ಬಿಳಿಚಿಕೊಂಡು ಕಂಡರೆ ಕಾಯಿಲೆ ಅಂತ ಹೆದರಬೇಡಿ.

ಡ್ವಾರ್ಫ್ ವೈಟ್ ಬಗ್ಗೆ ನನಗೆ ಒಂದು ದೂರೂ ಇಲ್ಲ. ಅಮೆರಿಕ ಖಂಡದ ಬಿಸಿ ನಾಡುಗಳ ಮೂಲದ್ದು, ಹೆಚ್ಚೆಂದರೆ ಐದು ಮಿಲಿಮೀಟರ್, ಇದೂ ಗಂಡಿಲ್ಲದೆ ಮರಿ ಮಾಡುತ್ತದೆ. ಮಣ್ಣಿನ ಒಳಗೇ ಇರುತ್ತದೆ, ಮೇಲೆ ಬರುವುದು ಅಪರೂಪ. ದರಗು, ಕೊಳೆತ ಕಟ್ಟಿಗೆ, ಜೇಡ ಬಿಟ್ಟ ಜಿರಳೆ ಕಾಲು, ಎಲ್ಲ ತಿಂದು ಮಣ್ಣು ಮಾಡುತ್ತದೆ. ಬಿಟ್ಟ ಮೇಲೆ ಎರಡು ತಿಂಗಳು ಒಂದೂ ಕಾಣಲಿಲ್ಲ, ಸತ್ತೇ ಹೋದವು ಅಂದುಕೊಂಡಿದ್ದೆ. ಗಣಪತಿ ಹಬ್ಬದ ಮಾರನೆ ದಿನ ನೀರಿನ ಬಟ್ಟಲು ಎತ್ತಿದರೆ ಅಡಿಯಲ್ಲಿ ಮರಿಗಳ ಗುಂಪೇ ಇತ್ತು.

ಪೌಡರ್ ಬ್ಲೂ ಮಾತ್ರ ನಾನು ವಾಪಸ್ ತೆಗೆದೆ. ಅದು ಕೆಟ್ಟ ಹುಳ ಅಂತಲ್ಲ. ಕೆಲಸದಲ್ಲಿ ಎಲ್ಲಕ್ಕಿಂತ ಚುರುಕು, ಒಂದು ದೊಡ್ಡ ಉಂಡೆಯನ್ನು ನಾಲ್ಕೈದು ದಿನದಲ್ಲಿ ಪುಡಿ ಮಾಡಿಬಿಡುತ್ತಿದ್ದವು. ಆದರೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಹುಳ, ಮಣ್ಣಿನ ಮೇಲೇ ಓಡಾಡುತ್ತದೆ, ಬಹಳ ವೇಗ, ಬಹಳ ಬೇಗ ಹೆಚ್ಚುತ್ತದೆ. ಅಕ್ಟೋಬರಿನಲ್ಲಿ ಸಾಲ್ಮನ್ ಪಿಂಕ್ ಪೊರೆ ಬಿಡಲು ಬೆನ್ನ ಮೇಲೆ ಮಲಗಿತು. ಸಾಕಿದವರಿಗೆ ಗೊತ್ತು, ಆ ಕೆಲವು ಗಂಟೆ ಜೇಡಕ್ಕೆ ಓಡುವ ಶಕ್ತಿಯೂ ಇರುವುದಿಲ್ಲ, ಕಚ್ಚುವ ಶಕ್ತಿಯೂ ಇರುವುದಿಲ್ಲ, ಹೊಸ ಮೈ ಬೆಣ್ಣೆಯ ಹಾಗೆ ಮೆತ್ತಗೆ, ಹಲ್ಲು ಕೂಡ ಬೆಳ್ಳಗೆ. ಆ ಹೊತ್ತಿಗೆ ಪೌಡರ್ ಬ್ಲೂಗಳು ಮೂವತ್ತೋ ನಲವತ್ತೋ ಆಗಿದ್ದವು. ಅದರ ಕಾಲಿನ ಪಕ್ಕದಲ್ಲೇ ಓಡಾಡುತ್ತಿದ್ದವು, ಒಂದು ಹೊಟ್ಟೆಯ ಮೇಲೇ ಹತ್ತಿತು. ನಾನು ರಾತ್ರಿ ಎರಡು ಗಂಟೆಯವರೆಗೆ ಕೆಂಪು ದೀಪ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದೆ. ಏನೂ ಆಗಲಿಲ್ಲ, ಪೊರೆ ಸರಿಯಾಗಿ ಬಿಟ್ಟಿತು, ಒಂದು ಗಾಯ ಇಲ್ಲ. ಹಾಗಂತ ಮುಂದಿನ ಸಲವೂ ಹೀಗೇ ಆಗುತ್ತದೆ ಅಂತ ನಂಬಿ ಮಲಗುವುದು ನನ್ನಿಂದ ಆಗದು. ಜೇಡದ ಮೈ ಗಟ್ಟಿಯಾದ ಮೇಲೆ, ಎರಡು ವಾರ ಬಿಟ್ಟು, ಒಂದು ಹೋಳು ಸೌತೆಕಾಯಿ ಇಟ್ಟು ಅದಕ್ಕೆ ಮುತ್ತಿದ ಪೌಡರ್ ಬ್ಲೂಗಳನ್ನೆಲ್ಲ ದಿನಾ ರಾತ್ರಿ ತೆಗೆದೆ. ಹತ್ತು ದಿನ ಹಿಡಿಯಿತು. ಈಗ ಅವು ಬೇರೆ ಡಬ್ಬದಲ್ಲಿ ಆರಾಮವಾಗಿವೆ, ಮಗಳು ನೋಡಿಕೊಳ್ಳುತ್ತಾಳೆ. ಹುಳಗಳಿಗೆ ಊಟ ಕಮ್ಮಿ ಇದ್ದು ಐಸೋಪಾಡ್ ಸಂಖ್ಯೆ ಜಾಸ್ತಿ ಇರುವ ಡಬ್ಬದಲ್ಲೇ ಭಯ ಹೆಚ್ಚು, ಯಾಕೆಂದರೆ ಅವಕ್ಕೂ ಹೊಟ್ಟೆಗೆ ಬೇಕಲ್ವಾ? ದರಗು ಯಾವಾಗಲೂ ತುಂಬಿರಲಿ, ವಾರಕ್ಕೊಂದು ಸಣ್ಣ ಚೂರು ಒಣಸಿಗಡಿ ಇಡಿ.

ದರಗಿನ ಮಾತು ಬಂತಲ್ಲ, ತೋಟ ಇರುವವರು ಇದನ್ನು ಗಮನವಿಟ್ಟು ಓದಿ. ನನ್ನ ತವರು ಮೂಡಿಗೆರೆ ಕಡೆ. ಸೆಪ್ಟೆಂಬರಿನಲ್ಲಿ ಹೋದಾಗ ಹಲಸಿನ ಮರದಡಿ, ಅಡಿಕೆ ಸಾಲಿನ ಪಕ್ಕ ಬಿದ್ದ ಎಲೆ ಒಂದು ಚೀಲ ಆರಿಸಿಕೊಂಡು ಬಂದೆ. ತೊಳೆಯಲಿಲ್ಲ. ಡ್ವಾರ್ಫ್ ವೈಟ್ ಮೂಲ ಡಬ್ಬಕ್ಕೆ ಹಾಸಿದೆ. ಒಂದು ವಾರದಲ್ಲಿ ಆ ಡಬ್ಬ ಖಾಲಿ, ಎಲೆಯ ಮೇಲೇ ಸತ್ತು ಬಿದ್ದಿದ್ದವು. ಅಪ್ಪನಿಗೆ ಫೋನು ಮಾಡಿದೆ. "ಅಡಿಕೆಗೆ ಕೊಳೆರೋಗ ಬರಬಾರದು ಅಂತ ಎರಡು ಸಲ ಬೋರ್ಡೋ ಹೊಡೆಸಿದೀನಲ್ಲ ಮಗಾ" ಅಂದರು. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ, ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ ಒಂದು ಕಿಲೋ. ಮೈಲುತುತ್ತದಲ್ಲಿ ಇರುವುದು ತಾಮ್ರ. ಐಸೋಪಾಡ್ ರಕ್ತಕ್ಕೂ ತಾಮ್ರ ಬೇಕು, ತಿಂದ ತಾಮ್ರವನ್ನು ಮೈಯಲ್ಲೇ ಕೂಡಿಡುತ್ತವೆ, ಅದು ಮಿತಿ ಮೀರಿದರೆ ಸಾವು. ಸ್ಪ್ರಿಂಗ್‌ಟೈಲ್‌ಗೂ ಒಳ್ಳೆಯದಲ್ಲ. ನಾನು ಸಾಕಿರುವ ಅದೇ ಫೋಲ್ಸೋಮಿಯಾವನ್ನು ಮಣ್ಣಿನಲ್ಲಿ ವಿಷ ಇದೆಯಾ ಅಂತ ಪರೀಕ್ಷೆ ಮಾಡಲು ಪ್ರಯೋಗಾಲಯಗಳಲ್ಲಿ ಬಳಸುತ್ತಾರೆ, ಅದಕ್ಕೆ ಐಎಸ್‌ಒ 11267 ಅನ್ನುವ ಮಾನಕವೇ ಇದೆ. ಅಷ್ಟು ಸೂಕ್ಷ್ಮ ಜೀವಕ್ಕೆ ಔಷಧಿ ಹೊಡೆದ ತೋಟದ ಎಲೆ ಹಾಕುವುದು ತಪ್ಪು, ನನ್ನ ತಪ್ಪಿನಿಂದ ಒಂದು ಡಬ್ಬ ಜೀವ ಹೋಯಿತು. ಈಗ ನಮ್ಮ ಮನೆಯ ಹಿತ್ತಲಿನ ಸೀಬೆ ಮತ್ತು ಹಲಸಿನ ಎಲೆ ಮಾತ್ರ, ಕುದಿವ ನೀರು ಹಾಕಿ, ಬಿಸಿಲಲ್ಲಿ ಒಣಗಿಸಿ ಹಾಕುತ್ತೇನೆ. ಹಾಸನದವನಿಗೆ ವಿಷಯ ಹೇಳಿದಾಗ ಇನ್ನೊಂದು ಹತ್ತು ಡ್ವಾರ್ಫ್ ವೈಟ್ ದುಡ್ಡು ತೆಗೆದುಕೊಳ್ಳದೆ ಕೊಟ್ಟ. ತಪ್ಪು ನನ್ನದು ಅಂತ ಗೊತ್ತಿದ್ದೂ ಕೊಟ್ಟ.

ಐಸೋಪಾಡ್‌ಗೆ ಬೇಕಾದ ಸುಣ್ಣದಂಶಕ್ಕೆ ಮೊಟ್ಟೆ ಚಿಪ್ಪು ಪುಡಿ ಸಾಕು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಕಡಲ ನೊರೆಯ (ಕಟಲ್‌ಫಿಶ್‌ನ ಒಳಚಿಪ್ಪು) ಒಂದು ತುಂಡು ಇಟ್ಟರೆ ಇನ್ನೂ ಸಲೀಸು.

ಇವು ಮಾಡದ ಕೆಲಸಗಳನ್ನೂ ಹೇಳಬೇಕು, ಯಾಕೆಂದರೆ ಹುಳ ಬಿಟ್ಟರೆ ಇನ್ನು ಡಬ್ಬ ಮುಟ್ಟುವುದೇ ಬೇಡ ಅಂತ ಕೆಲವರು ಅಂದುಕೊಂಡಿದ್ದಾರೆ. ಶೆವ್ರಾನ್ ಗಾಜಿನ ಮೇಲೆ ಮಾಡುವ ಬಿಳಿ ಕಲೆಯನ್ನು ಇವು ಮುಟ್ಟುವುದಿಲ್ಲ, ಒದ್ದೆ ಬಟ್ಟೆಯಲ್ಲಿ ನೀವೇ ಒರೆಸಬೇಕು. ನೀರಿನ ಬಟ್ಟಲು ನೀವೇ ತೊಳೆಯಬೇಕು. ಇಡೀ ಜಿರಳೆ ತಿನ್ನದೆ ಸತ್ತು ಬಿದ್ದಿದ್ದರೆ ಅವತ್ತೇ ತೆಗೆಯಬೇಕು, ಹುಳ ತಿನ್ನಲಿ ಅಂತ ಬಿಟ್ಟರೆ ಅದರಲ್ಲಿ ಗೂನು ಬೆನ್ನಿನ ಪುಟ್ಟ ನೊಣಗಳು ಮೊಟ್ಟೆ ಇಡುತ್ತವೆ, ಆಮೇಲೆ ಅವನ್ನು ಓಡಿಸುವುದು ದೊಡ್ಡ ತಲೆನೋವು. ದೊಡ್ಡ ಉಂಡೆ ಕೈಗೆ ಸಿಗುವ ಜಾಗದಲ್ಲಿ ಇದ್ದರೆ ನಾನು ಈಗಲೂ ಇಕ್ಕಳದಲ್ಲಿ ತೆಗೆಯುತ್ತೇನೆ. ಬಿಲದ ಒಳಗೆ, ತೊಗಟೆಯ ಹಿಂದೆ, ನನ್ನ ಕೈ ಹೋಗದ ಕಡೆ ಬಿದ್ದದ್ದಕ್ಕೆ ಇವು ಬೇಕು.

ನುಸಿಯನ್ನೂ ಇವು ಬೇಟೆಯಾಡುವುದಿಲ್ಲ. ಅದರ ಊಟವನ್ನು ಮೊದಲೇ ತಿಂದು ಮುಗಿಸುವುದರಿಂದ ನುಸಿ ಹೆಚ್ಚುವುದು ಕಡಿಮೆಯಾಗುತ್ತದೆ, ಅಷ್ಟೇ. ಡಬ್ಬದಲ್ಲಿ ಬಿಳಿ ಚುಕ್ಕಿ ಕಂಡರೆ ಮೆಲ್ಲಗೆ ಊದಿ ನೋಡಿ. ಉದ್ದಗಿದ್ದು ಚಟ್ಟನೆ ಹಾರಿದರೆ ಸ್ಪ್ರಿಂಗ್‌ಟೈಲ್. ದುಂಡಗಿದ್ದು ನಿಧಾನಕ್ಕೆ ತೆವಳುತ್ತಿದ್ದರೆ ನುಸಿ, ಆಗ ತೇವ ಕಡಿಮೆ ಮಾಡಿ, ಗಾಳಿ ಜಾಸ್ತಿ ಮಾಡಿ, ಊಟದ ಚೂರು ಉಳಿದಿದೆಯಾ ಹುಡುಕಿ.

ಒಣ ನೆಲದ ಜೇಡಗಳ ಮಾತು. ಗೆಳತಿಯೊಬ್ಬಳು ಚಿಲಿ ದೇಶದ ರೋಸ್ ಹೇರ್ ಸಾಕಿದ್ದಾಳೆ, ನನ್ನದು ನೋಡಿ ತನಗೂ ಬೇಕು ಅಂದಳು. ಬೇಡ ಅಂದೆ. ಆ ಜೇಡಕ್ಕೆ ಒಣ ಮಣ್ಣು ಬೇಕು, ಈ ಹುಳಗಳಿಗೆ ತೇವ ಬೇಕು. ಹುಳ ಬದುಕಲಿ ಅಂತ ನೀರು ಹಾಕಿದರೆ ಜೇಡಕ್ಕೆ ಕಷ್ಟ, ಜೇಡಕ್ಕಾಗಿ ಒಣಗಿಸಿದರೆ ಹುಳ ಸಾಯುತ್ತವೆ. ಒಣ ಡಬ್ಬದಲ್ಲಿ ಬೂಸ್ಟೂ ಅಷ್ಟಾಗಿ ಬರುವುದಿಲ್ಲ, ಇಕ್ಕಳ ಸಾಕು. ತೀರಾ ಪುಟ್ಟ ಮರಿ ಜೇಡಗಳ ಡಬ್ಬಕ್ಕೆ ಸ್ಪ್ರಿಂಗ್‌ಟೈಲ್ ಬಿಡಬಹುದು, ಮರಿಗಳು ಅವನ್ನು ಹಿಡಿದು ತಿನ್ನುವುದೂ ಉಂಟು, ಆದರೆ ಐಸೋಪಾಡ್ ಬೇಡವೇ ಬೇಡ.

ಇನ್ನೆರಡು ಮಾತು ಈ ವಿಷಯಕ್ಕೆ ತಾಗಿಕೊಂಡೇ ಇವೆ. ಇದನ್ನೆಲ್ಲ ಓದಿ ಆಸೆಯಾಗಿ ತೋಟದ ಮರದ ಪೊಟರೆಯಿಂದ ಜೇಡ ಹಿಡಿದು ತರಬೇಡಿ. ನಮ್ಮ ಪಶ್ಚಿಮ ಘಟ್ಟದ ಟರಾಂಟುಲಾಗಳು ಅಲ್ಲೇ ಇರಲಿ. ಮರದ ಮೇಲಿನ ಪೀಸಿಲೋಥೀರಿಯಾ ಕುಲ ಪೂರ್ತಿ 2019ರಲ್ಲಿ ಸೈಟಿಸ್ ಪಟ್ಟಿಗೆ, ಅಂದರೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಗೆ ಸೇರಿದೆ. ಹೊರದೇಶದ್ದಾದರೂ ಸೈಟಿಸ್ ಪಟ್ಟಿಯ ಜಾತಿ ನಿಮ್ಮ ಹತ್ತಿರ ಇದ್ದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು, 2024ರ ನಿಯಮ ಅದು. ಹಾಗೆಯೇ ಜಾಸ್ತಿಯಾದ ಐಸೋಪಾಡ್‌ಗಳನ್ನು ತೋಟಕ್ಕೆ, ಹಿತ್ತಲಿಗೆ ಸುರಿಯಬೇಡಿ, ಅವು ಈ ನೆಲದವಲ್ಲ. ಬೇಕಾದವರಿಗೆ ಕೊಡಿ. ಬೇಡದ ಮಣ್ಣನ್ನು ಎಸೆಯುವ ಮೊದಲು ನಾನು ಎರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಎಸೆಯುತ್ತೇನೆ.

ಹಾಸನದವನ ಬಗ್ಗೆ ದೂರು ಅಂದರೆ ಒಂದೇ. ಮೆಸೇಜಿಗೆ ಉತ್ತರ ಬಹಳ ನಿಧಾನ, ಕೆಲವು ಸಲ ಮೂರು ದಿನ. ಸಂಕ್ರಾಂತಿ ಸಮಯದಲ್ಲಿ ಮೂಲ ಡಬ್ಬದಲ್ಲಿ ನುಸಿ ಬಂದು ಗಾಬರಿಯಲ್ಲಿ ಕೇಳಿದ್ದೆ, ಉತ್ತರ ಬರುವಷ್ಟರಲ್ಲಿ ನಾನೇ ಅರ್ಧ ಎಸೆದು ಹೊಸದಾಗಿ ಶುರು ಮಾಡಿದ್ದೆ. ಆಮೇಲೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿದ, ಆ ಅರ್ಧ ಗಂಟೆಯಲ್ಲಿ ಕಲಿತದ್ದು ಬಹಳ. ಆದರೂ ಜೀವ ಇರುವ ಮಾಲು ಮಾರುವವರು ಸಿಗಬೇಕಾದ ಹೊತ್ತಿಗೆ ಸಿಗಬೇಕು. ಇದನ್ನು ಅವನಿಗೂ ನೇರವಾಗಿ ಹೇಳಿದ್ದೇನೆ.

ಒಟ್ಟು ಖರ್ಚು ಬಸ್ ಬಿಟ್ಟು 1,000 ರೂಪಾಯಿ. ಸ್ಪ್ರಿಂಗ್‌ಟೈಲ್‌ಗೆ ಐದಕ್ಕೆ ಐದು. ಡ್ವಾರ್ಫ್ ವೈಟ್‌ಗೆ ನಾಲ್ಕೂವರೆ, ಕಾಣಿಸಿಕೊಳ್ಳಲು ಎರಡು ತಿಂಗಳು ತೆಗೆದುಕೊಂಡಿದ್ದಕ್ಕೆ ಅರ್ಧ ಕಡಿಮೆ. ಪೌಡರ್ ಬ್ಲೂಗೆ ಜೇಡದ ಡಬ್ಬದ ಮಟ್ಟಿಗೆ ಎರಡು, ಬೇರೆ ಡಬ್ಬದಲ್ಲಿ ಸಾಕುವುದಾದರೆ ನಾಲ್ಕು. ಹುಡುಗನಿಗೆ ನಾಲ್ಕು. ಮೃಗಶಿರ ಮಳೆ ಶುರುವಾಗುವ ಮೊದಲು ಇನ್ನೊಮ್ಮೆ ಹಾಸನಕ್ಕೆ ಹೋಗುತ್ತೇನೆ, ಗೆಳತಿಯ ಮಗನ ಹೊಸ ಶೆವ್ರಾನ್ ಮರಿಗೆ ಒಂದು ಡಬ್ಬ ಸ್ಪ್ರಿಂಗ್‌ಟೈಲ್ ತರಬೇಕು. ಖಾಲಿ ಐಸ್‌ಕ್ರೀಮ್ ಡಬ್ಬ ತೊಳೆದು ವಾಪಸ್ ಕೊಟ್ಟರೆ 20 ರೂಪಾಯಿ ಬಿಡುತ್ತಾನೆ, ಮೂರು ಇಟ್ಟಿದ್ದೇನೆ.